ರಸಮೇವು ತುಂಬೋಕೆ ಚೀಲವೋ, ಡ್ರಮ್ಮೋ, ತೊಟ್ಟಿಯೋ: ಮೂರು ವರ್ಷ ಬಳಸಿದ ಮೇಲೆ

ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ರಸಮೇವು ಅಂದರೆ ಹುಳಿ ಬರಿಸಿ ಕಾಪಿಟ್ಟ ಹಸಿರು ಮೇವು; ಅದನ್ನು ತುಂಬಿಡೋಕೆ ಎರಡು ಹಸು ಇದ್ದರೆ ಪ್ಲಾಸ್ಟಿಕ್ ಡ್ರಮ್ ಸಾಕು. ನಾಲ್ಕೈದು ಇದ್ದರೆ ಚೀಲ. ಎಂಟು ಹತ್ತು ದಾಟಿದರೆ ಸಿಮೆಂಟ್ ತೊಟ್ಟಿ ಕಟ್ಟಿಸಿ, ಆದರೆ ದಯವಿಟ್ಟು ನಾನು ಕಟ್ಟಿಸಿದಷ್ಟು ಅಗಲ ಬೇಡ. ಮೂರನ್ನೂ ದುಡ್ಡು ಕೊಟ್ಟೇ ಕಲಿತಿದ್ದೇನೆ.

ನಮ್ಮದು ಹಾಸನ ಜಿಲ್ಲೆ. ಎಂಟು ಸೀಮೆಹಸು, ಒಂದೂವರೆ ಎಕರೆ ನೀರಾವರಿ, ಉಳಿದದ್ದು ಮಳೆ ನಂಬಿದ ಹೊಲ. ಮಾರ್ಚಿನಿಂದ ಮೇ ತನಕ ಹಸಿರು ಮೇವಿಗೆ ಪ್ರತಿ ವರ್ಷ ಪರದಾಟ. ರಾಗಿ ಹುಲ್ಲು, ಬೂಸ, ಹಿಂಡಿ ಹಾಕಿ ತಳ್ಳಿದರೆ ಹಾಲು ಇಳಿಯುತ್ತದೆ, ಹಿಂಡಿ ಅಂಗಡಿಯ ಸಾಲ ಏರುತ್ತದೆ. ಅದಕ್ಕೇ ಮೂರು ವರ್ಷದ ಹಿಂದೆ ಒಂದು ಎಕರೆ ಆಫ್ರಿಕನ್ ಟಾಲ್ ಅನ್ನುವ ಮೇವಿನ ಮುಸುಕಿನ ಜೋಳ ಹಾಕಿ ರಸಮೇವು ಮಾಡೋಣ ಅಂತ ಹೊರಟೆ. ಸೈಲೇಜ್ ಅಂದರೆ ಇದೇ. ತೆನೆಯಲ್ಲಿ ಹಾಲು ಗಟ್ಟಿಯಾಗುವ ಹೊತ್ತಿಗೆ ಕಡ್ಡಿ ಸಮೇತ ಕೊಯ್ದು, ಚಾಫ್ ಕಟರಿನಲ್ಲಿ ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದ ಹಾಗೆ ಒತ್ತಿ ಮುಚ್ಚಿಡುವುದು. ಒಳಗೆ ಹುಳಿ ಬರುತ್ತದೆ, ಆ ಹುಳಿಯೇ ಮೇವನ್ನು ಕಾಯುತ್ತದೆ. 45 ದಿನ ಬಿಟ್ಟು ತೆಗೆದರೆ ಹುಳಿ ಬಂದ ದೋಸೆ ಹಿಟ್ಟಿನ ಥರ ವಾಸನೆ, ಬಣ್ಣ ಹಳದಿ ಮಿಶ್ರಿತ ಹಸಿರು. ಅಷ್ಟೇ ವಿಷಯ. ಕೇಳೋಕೆ ಎಷ್ಟು ಸುಲಭ ಅಲ್ವಾ?

ಮೊದಲ ವರ್ಷ ಚೀಲ. ಪೇಟೆಯ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಒಂದು ಟನ್ ಹಿಡಿಯುತ್ತದೆ ಅಂತ ಹೇಳಿ 12 ಚೀಲ ಕೊಟ್ಟರು. ಒಂದಕ್ಕೆ 650 ರೂಪಾಯಿ. ಹೊರಗೆ ಗೊಬ್ಬರದ ಮೂಟೆಯಂಥ ನೇಯ್ದ ಚೀಲ, ಒಳಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಒಂದು ಟನ್ ಅನ್ನುವುದು ಅಂಗಡಿಯ ಲೆಕ್ಕ. ಮೂರು ಜನ ಒಳಗೆ ಇಳಿದು ತುಳಿದು ತುಳಿದು ಕಾಲು ಬಿದ್ದುಹೋದರೂ 700 ಕಿಲೋ ದಾಟಲಿಲ್ಲ. ಒಳಗಿನ ಹಾಳೆ 150 ಮೈಕ್ರಾನ್ ದಪ್ಪ ಅಂದಿದ್ದರು. ಮೈಕ್ರಾನ್ ಅಳೆಯುವ ಸಾಮಾನು ನನ್ನ ಹತ್ತಿರ ಇಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದೆ. ಉಗುರು ತಾಗಿದರೆ ಸೀಳುತ್ತಿತ್ತು. ಜೋಳದ ಕಡ್ಡಿ ಓರೆಯಾಗಿ ಕತ್ತರಿಸಿದರೆ ಅದರ ತುದಿ ಸೂಜಿಯ ಹಾಗಿರುತ್ತದೆ, ಅದು ನಿಮಗೂ ಗೊತ್ತು.

ಅಂತೂ 12ರಲ್ಲಿ ಮೂರು ಇಲಿಗೆ ಹೋಯಿತು. ಇಲಿ ತಿಂದದ್ದು ಒಂದು ಹಿಡಿ ಮೇವು ಇರಬಹುದು. ಆದರೆ ಅದು ಮಾಡಿದ ತೂತಿನಿಂದ ಗಾಳಿ ನುಗ್ಗಿ ಒಳಗೆ ಅರ್ಧ ಚೀಲ ಕಪ್ಪಗಾಗಿ ಬೂಷ್ಟು ಹಿಡಿದಿತ್ತು. ಗೊತ್ತಾಗದೆ ಒಂದು ದಿನ ಹಾಕಿಬಿಟ್ಟೆ. ಎರಡು ಹಸು ಉಚ್ಚಿಕೊಂಡವು, ಡಾಕ್ಟರ ಖರ್ಚು ಬೇರೆ. ಅಂಗಡಿಯವರಿಗೆ ಫೋನ್ ಮಾಡಿದರೆ, "ಇಲಿಗೆ ನಾವೇನು ಮಾಡೋಣ ಸರ್?" ಅಂದರು. ಅವರ ಮಾತೂ ನ್ಯಾಯವೇ ಬಿಡಿ. ಆದರೆ ಉಳಿದ ಒಂಬತ್ತು ಚೀಲದಲ್ಲೂ ನಾಲ್ಕಕ್ಕೆ ಕೆಳಗಿನ ಮೂಲೆಗಳಲ್ಲಿ ಕೊಳೆ ಬಂದಿತ್ತು. ಅದು ಇಲಿಯದಲ್ಲ. ಚೀಲದ ತಳ ಚೌಕ, ಮನುಷ್ಯನ ಪಾದ ಮೂಲೆಗೆ ಹೋಗುವುದಿಲ್ಲ, ಅಲ್ಲಿ ಗಾಳಿ ಉಳಿಯುತ್ತದೆ.

ಈ ಮೂಲೆಯ ತಲೆನೋವು ನನಗೊಬ್ಬನಿಗೇ ಬಂದದ್ದು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ನೂರೈವತ್ತು ವರ್ಷದ ಹಿಂದೆ ಅಮೆರಿಕದವರೂ ಇದರಲ್ಲೇ ಒದ್ದಾಡಿದ್ದಾರೆ.

ನನ್ನ ಅಕ್ಕನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಅದು ಹಾಲಿನ ರಾಜ್ಯ, ನಮ್ಮ ಹಾಸನದ ಹಾಗೆ ಅನ್ನಿ, ಚಳಿ ಮಾತ್ರ ಬೇರೆ. ಹಸುವಿನ ಕೊಟ್ಟಿಗೆ ಪಕ್ಕ ದೊಡ್ಡ ದೊಡ್ಡ ಗೋಪುರ ನಿಂತಿರುವ ಫೋಟೋ ಕಳಿಸಿ, "ಮಾಮ, ನೀವು ಚೀಲಕ್ಕೆ ತುಂಬೋದನ್ನ ಇವರು ಇದಕ್ಕೆ ತುಂಬ್ತಾರೆ" ಅಂದ. ಅಲ್ಲಿಂದ ಶುರುವಾಯಿತು ನನ್ನ ಓದು. 45 ದಿನ ಕಾಯಬೇಕಲ್ಲ, ಬೇರೇನು ಮಾಡೋದು.

ಆ ಗೋಪುರಕ್ಕೆ ಸೈಲೋ ಅಂತ ಹೆಸರು. ಆ ಪದ ಸ್ಪಾನಿಷ್ ಭಾಷೆಯಿಂದ ಬಂದದ್ದು, ಅದಕ್ಕೂ ಹಿಂದೆ ಗ್ರೀಕಿನ ಸಿರೋಸ್ ಅಂತಾರೆ. ಅರ್ಥ ಏನು ಗೊತ್ತಾ? ಕಾಳು ತುಂಬುವ ಗುಂಡಿ. ಗೋಪುರ ಅಲ್ಲ, ಗುಂಡಿ! ಅಂದರೆ ನಮ್ಮ ಹಗೇವು. ನಮ್ಮ ತಾತನ ಕಾಲದಲ್ಲಿ ಊರ ಮುಂದೆ ಗಟ್ಟಿ ನೆಲ ನೋಡಿ ಹಗೇವು ತೋಡಿ ರಾಗಿ ತುಂಬುತ್ತಿದ್ದರು. ಬಾಯಿ ಕಿರಿದು, ಒಳಗೆ ಗುಡಾಣದ ಹಾಗೆ ಹೊಟ್ಟೆ. ಸುತ್ತ ಹುಲ್ಲು ಒತ್ತಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಮುಗಿಯಿತು, ಬರಗಾಲ ಬರುವ ತನಕ ಅದರ ಮುಖ ನೋಡುತ್ತಿರಲಿಲ್ಲ. ಉತ್ತರ ಕರ್ನಾಟಕದ ಕಡೆ ಬಿಳಿ ಜೋಳಕ್ಕೂ ಇದೇ. ಅಮ್ಮ ಈಗಲೂ ಹೇಳುತ್ತಾರೆ, ಹಗೇವಿನ ರಾಗಿ ಮುದ್ದೆಗೆ ಒಂದು ಥರ ಮುಗ್ಗಲು ವಾಸನೆ ಇರುತ್ತಿತ್ತು, ಬಂದ ನೆಂಟರು ಮೂಗು ಮುರಿಯುತ್ತಿದ್ದರು ಅಂತ.

ಹಸಿ ಮೇವನ್ನು ಗುಂಡಿಯಲ್ಲಿ ಹುಳಿ ಹಾಕುವುದನ್ನು ದೊಡ್ಡದಾಗಿ ಪ್ರಚಾರ ಮಾಡಿದವನು ಫ್ರಾನ್ಸಿನ ಆಗಸ್ಟ್ ಗೋಫಾರ್ ಅನ್ನುವ ಜಮೀನ್ದಾರ. ಜೋಳದ ಮೇವನ್ನು ಹೀಗೆ ಕಾಪಿಡುವ ಬಗ್ಗೆ 1877ರಲ್ಲಿ ಪುಸ್ತಕವನ್ನೇ ಬರೆದ. ಅದಕ್ಕೂ ಮುಂಚೆ, 1873ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರೆಡ್ ಹ್ಯಾಚ್ ಅನ್ನುವ ರೈತನ ಮಗ ಕಾಲೇಜು ಓದು ಮುಗಿಸಿ ಊರಿಗೆ ಬಂದು, ಕೊಟ್ಟಿಗೆ ಒಳಗೇ ಗುಂಡಿ ತೋಡಿ, ಕಲ್ಲು ಕಟ್ಟಿ, ಅದರ ಮೇಲೆ ಹಲಗೆಯ ಗೋಡೆ ಎಬ್ಬಿಸಿ ಮೇವು ತುಂಬಿದ. ಅಮೆರಿಕದ ಮೊದಲ ನಿಂತ ಸೈಲೋ ಅಂತ ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಅದು ಚೌಕಾಕಾರ. ಆ ಕಾಲದ ಚೌಕದ ಸೈಲೋಗಳಿಗೆಲ್ಲ ಒಂದೇ ರೋಗ, ಮೂಲೆಯಲ್ಲಿ ಕೊಳೆ. ನನ್ನ ಚೀಲದ ರೋಗವೇ.

ಇದಕ್ಕೆ ಮದ್ದು ಕೊಟ್ಟವನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಫ್ರಾಂಕ್ಲಿನ್ ಕಿಂಗ್. ಮಣ್ಣು, ನೀರು, ಗಾಳಿ ಇವುಗಳ ಒತ್ತಡದ ಲೆಕ್ಕ ಹಾಕುವುದೇ ಅವನ ಕೆಲಸ. 1890ರ ಆಸುಪಾಸಿನಲ್ಲಿ ರೈತರ ಸೈಲೋಗಳನ್ನು ಸುತ್ತಿ ನೋಡಿ ಅವನು ಹೇಳಿದ್ದು ಸರಳವಾದ ಮಾತು. ದುಂಡಗೆ ಕಟ್ಟಿ, ಎತ್ತರವಾಗಿ ಕಟ್ಟಿ. ದುಂಡಗಿದ್ದರೆ ಮೂಲೆಯೇ ಇಲ್ಲ, ಗೋಡೆಯೂ ಉಬ್ಬುವುದಿಲ್ಲ. ಎತ್ತರವಾದಷ್ಟೂ ಮೇಲಿನ ಮೇವಿನ ಭಾರಕ್ಕೇ ಕೆಳಗಿನದು ಅದುಮಿಕೊಳ್ಳುತ್ತದೆ, ಯಾರೂ ಒಳಗೆ ಇಳಿದು ಮೊಣಕಾಲು ನೋಯಿಸಿಕೊಳ್ಳಬೇಕಿಲ್ಲ. ಮುಂದೆ ಇದೇ ಮನುಷ್ಯ 1909ರಲ್ಲಿ ಚೀನಾ, ಜಪಾನ್, ಕೊರಿಯಾ ಸುತ್ತಿ ಅಲ್ಲಿಯ ರೈತರು ಗೊಬ್ಬರ ಹೇಗೆ ಉಳಿಸುತ್ತಾರೆ ಅಂತ ನೋಡಿ ಬಂದ. ನನಗೆ ಇಂಥ ಮೇಷ್ಟ್ರು ಇಷ್ಟ.

ಅಲ್ಲಿಂದ ಮುಂದೆ ಅಮೆರಿಕದಲ್ಲಿ ಸೈಲೋ ಕಟ್ಟುವುದೇ ಒಂದು ಉದ್ಯಮವಾಯಿತು. ಪೀಪಾಯಿಯ ಹಾಗೆ ಮರದ ಪಟ್ಟಿ ನಿಲ್ಲಿಸಿ ಸುತ್ತ ಕಬ್ಬಿಣದ ಬಳೆ ಬಿಗಿದರು. ಬೇಸಿಗೆಯಲ್ಲಿ ಖಾಲಿ ಇದ್ದಾಗ ಮರ ಒಣಗಿ ಬಳೆ ಸಡಿಲವಾಗಿ, ಗಾಳಿ ಜೋರಾಗಿ ಬೀಸಿದರೆ ಸೈಲೋ ಉರುಳಿಯೇ ಬೀಳುತ್ತಿತ್ತು. ಆಮೇಲೆ ಸುಟ್ಟ ಜೇಡಿಮಣ್ಣಿನ ಪೊಳ್ಳು ಇಟ್ಟಿಗೆ ಬಂತು. ಅಯೋವಾದ ಕೃಷಿ ಕಾಲೇಜಿನವರು 1908ರ ಸುಮಾರಿಗೆ ಅದನ್ನು ಕಟ್ಟಿ ತೋರಿಸಿದರು. ಆಮೇಲೆ ಕಾಂಕ್ರೀಟು. ಅಚ್ಚಿನಲ್ಲಿ ಹೊಯ್ದ ಕಾಂಕ್ರೀಟ್ ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಿ ಹೊರಗಿನಿಂದ ಕಬ್ಬಿಣದ ಬಳೆ ಹಾಕುವುದು. ಕಾರ್ಖಾನೆಯಿಂದ ಪಟ್ಟಿ ಬಂದರೆ ಗೋಪುರ ಬೇಗ ಏಳುತ್ತಿತ್ತು. ಅಕ್ಕನ ಮಗ ಕಳಿಸಿದ ಫೋಟೋದಲ್ಲಿ ಬೂದಿ ಬಣ್ಣದ್ದು ಇವೇ.

ಇನ್ನು ನನ್ನ ಡ್ರಮ್ಮಿಗೆ ಬರೋಣ. ಮೂಲೆ ಇಲ್ಲದ್ದು ಬೇಕು ಅಂತ ಗೊತ್ತಾದ ಮೇಲೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಆರು ತಂದೆ. ಹಳೆಯದು, ಒಂದಕ್ಕೆ 900. ಮುಚ್ಚಳಕ್ಕೆ ಕಬ್ಬಿಣದ ಕ್ಲಾಂಪ್ ಇರುವಂಥದ್ದೇ ನೋಡಿ ತನ್ನಿ, ತಿರುಗಿಸುವ ಸಣ್ಣ ಮುಚ್ಚಳದ್ದು ಪ್ರಯೋಜನವಿಲ್ಲ. ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ ತಗೊಳ್ಳಿ. ಕೆಮಿಕಲ್, ಔಷಧಿ ಇದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಒಂದೊಂದರಲ್ಲಿ 120 ಕಿಲೋ ಹಿಡಿಯಿತು. ಆರರಲ್ಲಿ ಒಂದೇ ಒಂದು ಹಿಡಿಯೂ ಹಾಳಾಗಲಿಲ್ಲ. ಇಲಿ ಹಲ್ಲು ಕೂರಲಿಲ್ಲ. ಮಾರ್ಕ್ಸ್ ಕೊಡುವುದಾದರೆ ಐದಕ್ಕೆ ಐದು. ಆದರೆ ನನ್ನ ಎಂಟು ಹಸುವಿಗೆ ದಿನಕ್ಕೆ 120 ಕಿಲೋ ಬೇಕು. ಅಂದರೆ ದಿನಕ್ಕೊಂದು ಡ್ರಮ್! ಬೇಸಿಗೆ ಕಳೆಯೋಕೆ ನೂರು ಡ್ರಮ್ ತಂದು ಎಲ್ಲಿ ನಿಲ್ಲಿಸಲಿ.

ಹಾಗಾಗಿ ಎರಡನೇ ವರ್ಷ ತೊಟ್ಟಿ. ಗೋಪುರ ನಮಗೆ ಆಗುವ ಮಾತಲ್ಲ, ಮೇಲಕ್ಕೆ ಮೇವು ಊದುವ ಯಂತ್ರ, ಕೆಳಕ್ಕೆ ಇಳಿಸುವ ಯಂತ್ರ, ಅದಕ್ಕೆ ಕರೆಂಟು, ನಮ್ಮ ಊರಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. 20 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಎತ್ತರ. ಮೂರು ಕಡೆ ಸಿಮೆಂಟ್ ಬ್ಲಾಕಿನ ಗೋಡೆ, ಒಂದು ಕಡೆ ಬಯಲು, ಟ್ರ್ಯಾಕ್ಟರ್ ಹಿಮ್ಮುಖವಾಗಿ ಹತ್ತಿ ತುಳಿಯಲಿ ಅಂತ. ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು, ರಸ ಹರಿದು ಹೋಗೋಕೆ. ಎಲ್ಲಾ ಸೇರಿ 78,000 ಆಯಿತು. ಸುಮಾರು 13 ಟನ್ ಹಿಡಿಯುತ್ತದೆ. ಒಂದು ಎಕರೆ ಜೋಳ ಚೆನ್ನಾಗಿ ಬಂದರೆ ಸರಿಯಾಗಿ ತುಂಬುತ್ತದೆ.

ತುಂಬುವ ದಿನದ ವಿಷಯ ಸ್ವಲ್ಪ ಹೇಳಬೇಕು, ಯಾಕಂದ್ರೆ ತೊಟ್ಟಿ ಎಷ್ಟೇ ಚೆನ್ನಾಗಿದ್ದರೂ ಆ ಒಂದು ದಿನ ಕೆಟ್ಟರೆ ಎಲ್ಲಾ ಕೆಟ್ಟಂತೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಬಿಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ ಜಾಸ್ತಿ. ಬಿಟ್ಟ ತಕ್ಷಣ ಪುಡಿಯಾಗಿ ಉದುರಿದರೆ ಒಣಗಿ ಹೋಗಿದೆ. ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ಅರ್ಧ ಅಡಿ ಹರಡು, ಟ್ರ್ಯಾಕ್ಟರ್ ಹತ್ತಿಸು, ಮತ್ತೆ ಹರಡು. ಗೋಡೆ ಅಂಚಿಗೆ ಚಕ್ರ ಹೋಗುವುದಿಲ್ಲ, ಅಲ್ಲಿ ಜನ ನಿಂತು ತುಳಿಯಬೇಕು. ಬೆಲ್ಲ, ಉಪ್ಪು ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಜೋಳಕ್ಕೆ ಬೇಡ, ಅದರಲ್ಲೇ ಸಿಹಿ ಇದೆ. ನೇಪಿಯರ್ ಹುಲ್ಲಿಗೆ ಬೆಲ್ಲದ ನೀರು ಚಿಮುಕಿಸಿದರೆ ಒಳ್ಳೆಯದು. ಫಿನ್ಲೆಂಡಿನ ವಿರ್ಟಾನೆನ್ ಅನ್ನುವ ವಿಜ್ಞಾನಿ ಮೇವಿಗೆ ನೇರವಾಗಿ ಆಮ್ಲವನ್ನೇ ಸೇರಿಸಿ ಕಾಪಿಡುವ ದಾರಿ ಕಂಡುಹಿಡಿದ, ಅವನಿಗೆ 1945ರಲ್ಲಿ ನೊಬೆಲ್ ಬಂತು. ಹಸುವಿನ ಮೇವಿಗೆ ನೊಬೆಲ್! ಡೈರಿಯಲ್ಲಿ ಹಾಲು ಹಾಕೋಕೆ ಸಾಲಿನಲ್ಲಿ ನಿಂತಾಗ ಇದನ್ನು ಹೇಳಿದೆ, ಯಾರೂ ನಂಬಲಿಲ್ಲ.

ತೊಟ್ಟಿಯಲ್ಲಿ ನನಗೆ ಬಿದ್ದ ಪೆಟ್ಟು ಅಗಲದ್ದು. ಕಟ್ಟಿಕೊಟ್ಟ ಮೇಸ್ತ್ರಿ, "ಅಗಲ ಇರಲಿ ಅಣ್ಣ, ಟ್ರ್ಯಾಕ್ಟರ್ ಆರಾಮಾಗಿ ಹೋಗ್ತದೆ" ಅಂದರು, ನಾನೂ ತಲೆ ಆಡಿಸಿದೆ. ಒಂದು ಸಲ ಬಾಯಿ ತೆರೆದ ಮೇಲೆ ಆ ಮುಖಕ್ಕೆ ದಿನಾ ಗಾಳಿ ಬಡಿಯುತ್ತದೆ. ಅದು ಬಿಸಿಯಾಗಿ ಕೆಡುವ ಮುಂಚೆ ನೀವು ಅದನ್ನು ತೆಗೆದು ಹಸುವಿಗೆ ಹಾಕಿ ಮುಗಿಸಬೇಕು. ಬಿಸಿಲು ನಾಡಿನಲ್ಲಿ ದಿನಕ್ಕೆ ಅರ್ಧ ಅಡಿಯಷ್ಟಾದರೂ ಒಳಕ್ಕೆ ಸರಿಯಬೇಕು ಅಂತಾರೆ. ನನ್ನ ಲೆಕ್ಕ ನೋಡಿ. 13 ಟನ್ನನ್ನು ಎಂಟು ಹಸು ತಿಂದರೆ ನೂರ ಹತ್ತು ದಿನ, 20 ಅಡಿಯನ್ನು ಅಷ್ಟು ದಿನಕ್ಕೆ ಹಂಚಿದರೆ ದಿನಕ್ಕೆ ಎರಡು ಇಂಚಿಗಿಂತ ಚೂರು ಜಾಸ್ತಿ, ಅಷ್ಟೇ. ಮಾರ್ಚಿನಲ್ಲಿ ಕೈ ಹಾಕಿದರೆ ಮೇವು ಬೆಚ್ಚಗೆ ಹೊಗೆಯಾಡುತ್ತಿತ್ತು. ಗೋಪುರ ಕಟ್ಟಿದ ಅಮೆರಿಕದವರಿಗೂ ಇದೇ ನಿಯಮ. ಹಸು ಎಷ್ಟಿದೆ ಅಂತ ನೋಡಿ ಸೈಲೋದ ಅಗಲ ಇಡಬೇಕು, ಎಷ್ಟು ದಿನ ಬೇಕು ಅಂತ ನೋಡಿ ಎತ್ತರ ಇಡಬೇಕು. ನಾನು ಟ್ರ್ಯಾಕ್ಟರ್ ನೋಡಿ ಅಗಲ ಇಟ್ಟೆ.

ನಡುವೆ ಗೋಡೆ ಎಬ್ಬಿಸೋಣ ಅಂದರೆ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಕೊನೆಗೆ ಪಕ್ಕದ ಮನೆಯ ತಮ್ಮನಿಗೆ ಹೇಳಿದೆ, ಮುಂದಿನ ವರ್ಷ ನಿನ್ನ ಜೋಳವನ್ನೂ ಇದಕ್ಕೇ ಹಾಕು, ಇಬ್ಬರೂ ತೆಗೆಯೋಣ ಅಂತ. ಅವನದು ಆರು ಹಸು. ಹದಿನಾಲ್ಕು ಬಾಯಿ ಆದ ಮೇಲೆ ಮೇವು ಬೇಗ ಸರಿಯಿತು, ಬಿಸಿಯಾಗುವುದು ಕಡಿಮೆಯಾಯಿತು. ತೊಟ್ಟಿ ಖಾಲಿಯಾದ ಮೇಲೆ ಚೀಲದಲ್ಲಿ ತುಂಬಿಟ್ಟಿದ್ದು ತೆಗೆದೆವು. ತೊಟ್ಟಿ ಹಂಚಿಕೊಳ್ಳುವ ಈ ಉಪಾಯ ಯಾವ ಕಂಪನಿಯ ಕರಪತ್ರದಲ್ಲೂ ಇರಲಿಲ್ಲ.

ಇನ್ನೊಂದು ದೂರು ನೆಲದ್ದು. ಮೂರನೇ ವರ್ಷ ಮೇವು ಖಾಲಿ ಮಾಡಿ ಗುಡಿಸಿದಾಗ ಸಿಮೆಂಟ್ ಪದರ ಎದ್ದು ಜಲ್ಲಿ ಕಾಣುತ್ತಿತ್ತು. ಮೇಸ್ತ್ರಿಯ ಮೇಲೆ ಕೂಗಾಡಿದೆ. ಆಮೇಲೆ ಗೊತ್ತಾಯಿತು, ಹುಳಿ ರಸ ಸಿಮೆಂಟನ್ನು ತಿನ್ನುತ್ತದೆ, ಕಾಂಕ್ರೀಟ್ ಗೋಪುರಗಳಿಗೂ ಒಳಗಡೆ ಪದೇ ಪದೇ ಲೇಪ ಬಳಿಯಬೇಕಿತ್ತು. ಮೇಸ್ತ್ರಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ, ಅರ್ಧ ತಪ್ಪು ಅಂತ ಇಟ್ಟುಕೊಳ್ಳಿ.

ಈ ಹುಳಿಗೆ ಅಮೆರಿಕದ ಒಂದು ಕಂಪನಿ ಕಂಡುಕೊಂಡ ಉಪಾಯ ಓದಿ ನಾನು ಎದ್ದು ಬಚ್ಚಲಿಗೆ ಹೋಗಿ ಗೀಸರ್ ನೋಡಿ ಬಂದೆ. ನಿಜವಾಗಿ. ಮಿಲ್ವಾಕಿಯ ಎ.ಒ. ಸ್ಮಿತ್ ಕಂಪನಿ. ಕಾರಿಗೆ ಚೌಕಟ್ಟು ಮಾಡಿಕೊಂಡಿದ್ದವರು ಉಕ್ಕಿನ ತಗಡಿನ ಮೇಲೆ ಗಾಜನ್ನು ಕರಗಿಸಿ ಬೆಸೆಯುವುದು ಕಲಿತು, 1933ರಲ್ಲಿ ಬಿಯರ್ ಕಾರ್ಖಾನೆಗೆ ಗಾಜಿನ ಲೇಪದ ಟ್ಯಾಂಕ್ ಮಾಡಿದರು. 1936ರಲ್ಲಿ ಅದೇ ಉಪಾಯದ ನೀರಿನ ಗೀಸರಿಗೆ ಪೇಟೆಂಟ್ ತಗೊಂಡರು. 1949ರಲ್ಲಿ ಅದೇ ಗಾಜು ಹೊದಿಸಿದ ಉಕ್ಕಿನಿಂದ ಹಾರ್ವೆಸ್ಟೋರ್ ಅನ್ನುವ ಕಡು ನೀಲಿ ಸೈಲೋ ಬಂತು. ಹುಳಿ ತಾಗದು, ತುಕ್ಕು ಹಿಡಿಯದು. ಮೇಲಿಂದ ತುಂಬಿ ಕೆಳಗಿಂದ ತೆಗೆಯಬಹುದು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ರಾತ್ರಿ ಕುಗ್ಗುತ್ತದಲ್ಲ, ಹೊರಗಿನ ಗಾಳಿ ಒಳಗೆ ಎಳೆಯದಂತೆ ಚಾವಣಿಯಲ್ಲಿ ಶ್ವಾಸಕೋಶದ ಹಾಗೆ ಪ್ಲಾಸ್ಟಿಕ್ ಚೀಲ ತೂಗಿಬಿಟ್ಟಿದ್ದರು. ಇದೇ ಕಂಪನಿಯ ಗೀಸರ್ ಕಾರ್ಖಾನೆ ಈಗ ನಮ್ಮ ಬೆಂಗಳೂರಿನ ಹತ್ತಿರದ ಹಾರೋಹಳ್ಳಿಯಲ್ಲೂ ಇದೆ. ನಮ್ಮ ಬಚ್ಚಲಲ್ಲಿರುವುದು ಬೇರೆ ಕಂಪನಿಯದ್ದು, ಆದರೂ ಒಳಗೆ ಗಾಜಿನ ಲೇಪ ಇದೆ ಅಂತ ಬರೆದಿದೆ.

ನೀಲಿ ಗೋಪುರ ಇದ್ದವನೇ ದೊಡ್ಡ ರೈತ ಅನ್ನುವ ಕಾಲ ಅಲ್ಲಿ ಇತ್ತು. ಬೆಲೆ ವಿಪರೀತ, ಸಾಲ ಮಾಡಿ ಕಟ್ಟಿಸಿದವರು ಬಹಳ. 1980ರ ದಶಕದಲ್ಲಿ ಬಡ್ಡಿ ಏರಿ, ಬೆಳೆಯ ಬೆಲೆ, ಜಮೀನಿನ ಬೆಲೆ ಬಿದ್ದಾಗ ಎಷ್ಟೋ ಜನ ಹೊಲ ಮಾರಿಕೊಂಡರು. ಜನ ಆ ಗೋಪುರಗಳಿಗೆ ನೀಲಿ ಗೋರಿಕಲ್ಲು ಅಂತ ಅಡ್ಡಹೆಸರು ಇಟ್ಟರು. ಅಕ್ಕನ ಮಗ ಕಳಿಸಿದ ಫೋಟೋದಲ್ಲಿ ಎಷ್ಟೋ ಸೈಲೋ ಖಾಲಿ ನಿಂತಿವೆ. ದೊಡ್ಡ ಡೈರಿಗಳು ಈಗ ಮಾಡುವುದೇನು ಅಂದರೆ ನೆಲದ ಮೇಲೆ ಕಾಂಕ್ರೀಟ್ ತೊಟ್ಟಿ, ಇಲ್ಲಾ ಉದ್ದನೆಯ ಪ್ಲಾಸ್ಟಿಕ್ ಚೀಲ. ಅರ್ಜೆಂಟೀನಾದವರು ಕಾಳನ್ನೂ ಹೊಲದಲ್ಲೇ ಅಂಥ ಚೀಲಕ್ಕೆ ತುಂಬಿ ಮಲಗಿಸುತ್ತಾರೆ. ನನ್ನ 650 ರೂಪಾಯಿ ಚೀಲದ ದೊಡ್ಡಣ್ಣ. ಹಾಗಾಗಿ ಯಾರಾದರೂ ನಿಮ್ಮ ಹತ್ತಿರ ಬಂದು ಸಬ್ಸಿಡಿ ಕೊಡಿಸ್ತೀವಿ, ಎತ್ತರದ ಸೈಲೋ ಹಾಕಿಸಿ ಅಂದರೆ, ಹತ್ತು ಹಸುವಿನವರು ಕಾಫಿ ಕೊಟ್ಟು ಕಳಿಸಿ.

ಜೀವಕ್ಕೆ ಸಂಬಂಧಿಸಿದ ಒಂದು ಮಾತು, ಇದನ್ನು ಮಾತ್ರ ಹಾರಿಸಬೇಡಿ. ಮೇವು ತುಂಬಿದ ಮೊದಲ ಎರಡು ಮೂರು ವಾರ ಒಳಗಿಂದ ಕೆಂಪು ಹಳದಿ ಬಣ್ಣದ ಗಾಳಿ ಬರಬಹುದು, ನೈಟ್ರೋಜನ್ ಡೈಆಕ್ಸೈಡ್. ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಶ್ವಾಸಕೋಶ ಸುಡುತ್ತದೆ. ಅಮೆರಿಕದ ಡಾಕ್ಟರುಗಳು 1956ರಲ್ಲೇ ಇದನ್ನು ಸೈಲೋ ತುಂಬುವವರ ಕಾಯಿಲೆ ಅಂತ ಹೆಸರಿಟ್ಟು ಬರೆದಿದ್ದಾರೆ. ಬಯಲು ತೊಟ್ಟಿಯಲ್ಲಿ ಅಪಾಯ ಕಡಿಮೆ, ಆಳದ ಗುಂಡಿ ಮಾಡಿದವರು ಹುಷಾರು. ಹಗೇವಿಗೆ ಇಳಿಯುವ ಮುಂಚೆ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರಲ್ಲ ನಮ್ಮ ಹಿರಿಯರು, ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಆದರೆ ಈ ಹೊಸ ಗಾಳಿಯನ್ನು ದೀಪ ತೋರಿಸುವುದಿಲ್ಲ. ಸುಮ್ನೆ ದೂರ ಇರುವುದೇ ಸರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಾಲಿನ ವಿಷಯ ಕೇಳುವವರಿಗೆ: ಏಪ್ರಿಲ್‌ನಲ್ಲಿ ಮೊದಲು ದಿನಕ್ಕೆ 60 ಲೀಟರಿಗೆ ಇಳಿಯುತ್ತಿದ್ದದ್ದು ಈ ವರ್ಷ 74ರಲ್ಲಿ ನಿಂತಿತು. ಹಿಂಡಿ ಸ್ವಲ್ಪ ಉಳಿಯಿತು. ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಬಂದಿಲ್ಲ ಅಂತ ಡೈರಿಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಬರುವುದು ತಪ್ಪಿತು. ಕರೆಯುವ ಮುಂಚೆ ಹಾಕಬೇಡಿ, ಹಾಲಿಗೆ ವಾಸನೆ ಹತ್ತುತ್ತದೆ. ಕರೆದ ಮೇಲೆ ಹಾಕಿ.

ತೊಟ್ಟಿಗೆ ಐದಕ್ಕೆ ನಾಲ್ಕು, ಅಗಲ ಆರೂವರೆ ಅಡಿ ಇಟ್ಟಿದ್ದರೆ ನಾಲ್ಕೂವರೆ. ಚೀಲಕ್ಕೆ ಮೂರು. ಈ ಸಲ ಬೇರೆ ಅಂಗಡಿಯಿಂದ ದಪ್ಪ ಹಾಳೆಯದ್ದು ತಂದೆ, ತುಂಬಿದ ಮೇಲೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಗಾಳಿ ಎಳೆದೆ, ಕೆಳಗೆ ಬೂದಿ ಹರಡಿ ಜಗಲಿ ಮೇಲಿಟ್ಟೆ, ಇಲಿ ಬರಲಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಪೈಪಲ್ಲಿ ಇನ್ನೂ ಹುಳಿ ವಾಸನೆ ಇದೆ, ಮನೆಯವಳು ಮಾತು ಬಿಟ್ಟಿದ್ದಾಳೆ. ಹೊಸ ಚೀಲ ಆರು ಮಿಕ್ಕಿದ್ದವು, ಮುಂದಿನ ವರ್ಷಕ್ಕೆ ಇರಲಿ ಅಂತ ಅಟ್ಟದ ಮೇಲೆ ಹಾಕಿದ್ದೆ. ಮೊನ್ನೆ ಇಳಿಸೋಣ ಅಂತ ಹತ್ತಿದರೆ ನಾಲ್ಕೇ ಇವೆ. ಎರಡರಲ್ಲಿ ಅಮ್ಮ ರಾಗಿ ತುಂಬಿ, ಬಾಯಿ ಬಿಗಿದು, ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ.